ಹುಳ ಕಂಡರೆ ತುಳಿಯುವ ಮಕ್ಕಳಿಗೆ ಹುಳದ ಪಾಠ ಹೇಗೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ, ಒಟ್ಟು 22 ಮಕ್ಕಳು. ಪರಿಸರ ಅಧ್ಯಯನದಲ್ಲಿ ಕೀಟಗಳ ಬಗ್ಗೆ ಹೇಳಬೇಕು. ಅರ್ಧ ಮಕ್ಕಳು ಹುಳ ಕಂಡರೆ ಕಿರುಚಿ, ಚಪ್ಪಲಿಯಲ್ಲಿ ಹೊಸಕುತ್ತಾರೆ. ಉಳಿದರ್ಧ ಹಿಡಿದು ರೆಕ್ಕೆ ಕೀಳುತ್ತಾರೆ, ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟುತ್ತಾರೆ. ಹೋದ ವರ್ಷ ಚಿಟ್ಟೆ ಆಗುವುದನ್ನು ತೋರಿಸೋಣ ಅಂತ ಕರಿಬೇವಿನ ಗಿಡದಿಂದ ಒಂದು ಕಂಬಳಿಹುಳ ತಂದು ಬಾಟಲಿಯಲ್ಲಿ ಇಟ್ಟೆ. ನಾಲ್ಕನೇ ದಿನಕ್ಕೆ ಸತ್ತಿತು. ಒಬ್ಬ ಹುಡುಗಿ ಎರಡು ದಿನ ಅತ್ತಳು. ತಿಂಗಳ ಹಿಂದೆ ಒಬ್ಬ ಹುಡುಗನಿಗೆ ಕಣಜ ಕಚ್ಚಿ ಕೈ ಊದಿಕೊಂಡಿತು. 'ಹುಳ ಹಿಡಿಯೋದು ಕಲಿಸೋಕಾ ಸ್ಕೂಲಿಗೆ ಕಳಿಸೋದು?' ಅಂತ ಅವರ ಮನೆಯವರು ಜಗಳಕ್ಕೆ ಬಂದರು. ನಿಜ ಹೇಳಬೇಕೆಂದರೆ ನನಗೇ ಹುಳ ಕಂಡರೆ ಮೈ ಜುಂ ಅನ್ನುತ್ತದೆ. ಚಾರ್ಟ್ ತೋರಿಸಿ ಪಾಠ ಮುಗಿಸಿಬಿಡಲಾ? ಚಾರ್ಟಿನಲ್ಲಿ ಜೇಡವೂ ಇದೆ. ಆದರೆ ಜೇಡ ಕೀಟ ಅಲ್ಲ ಅಂತಾರೆ. ಯಾವುದು ಸರಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ನಿಮಗೇ ಭಯ ಅಂತ ಒಪ್ಪಿಕೊಂಡ ಮಾತು. ನಾನು ಕೃಷಿ ಕಾಲೇಜಿನಲ್ಲಿ ಮೂವತ್ತು ವರ್ಷ ಕೀಟಶಾಸ್ತ್ರ ಪಾಠ ಹೇಳಿದವನು. ಈಗ ನಿವೃತ್ತಿಯಾಗಿ ಊರೂರ ಶಾಲೆಗೆ ಹೋಗುತ್ತಿರುತ್ತೇನೆ. ಜಿರಲೆ ನನ್ನ ಕಾಲ ಮೇಲೆ ಹತ್ತಿದರೆ ಇವತ್ತಿಗೂ ಹಾರಿಬೀಳುತ್ತೇನೆ. ಹುಳದ ಪಾಠ ಮಾಡಲು ಹುಳವನ್ನು ಕೈಯಲ್ಲಿ ಹಿಡಿಯಲೇಬೇಕು ಅನ್ನುವುದೇ ದೊಡ್ಡ ತಪ್ಪು ತಿಳಿವಳಿಕೆ. ನೀವೂ ಮುಟ್ಟಬೇಕಿಲ್ಲ, ಮಕ್ಕಳೂ ಮುಟ್ಟಬೇಕಿಲ್ಲ. ಹತ್ತು ನಿಮಿಷ ಕೂತು ನೋಡುವುದು ಬಂದರೆ ಅರ್ಧ ಪಾಠ ಆದಂತೆ.

ಹಾಗಂತ ಚಾರ್ಟ್ ಒಂದೇ ಸಾಕಾ? ಸಾಲದು. ಚಾರ್ಟಿನಲ್ಲಿ ಇರುವೆಯೂ ಚಿಟ್ಟೆಯೂ ಒಂದೇ ಗಾತ್ರ. ಯಾವುದೂ ಅಲ್ಲಾಡುವುದಿಲ್ಲ. ಜೇಡ ಅದರಲ್ಲಿ ಸೇರಿಕೊಂಡಿದ್ದರೆ ತಪ್ಪು ಚಾರ್ಟಿನದೇ. ಆದರೂ ಅದನ್ನು ಬಿಸಾಡಬೇಡಿ, ಅದರಿಂದಲೇ ಒಂದು ಒಳ್ಳೆಯ ಆಟ ಆಗುತ್ತದೆ. ಆಮೇಲೆ ಹೇಳುತ್ತೇನೆ.

ಮೊದಲು 'ಹುಳ' ಅನ್ನುವ ಮಾತಿನ ತೊಡಕು ಬಿಡಿಸಿಕೊಳ್ಳೋಣ. ನಮ್ಮ ಕನ್ನಡದಲ್ಲಿ ಹುಳ ಅಂದರೆ ಎಲ್ಲವೂ ಹುಳವೇ. ಎರೆಹುಳ, ಜಂತುಹುಳ, ರೇಷ್ಮೆಹುಳ, ಮಿಂಚುಹುಳ, ಅಕ್ಕಿಯ ಹುಳ. ಹಲ್ಲು ಹುಳುಕಾದರೂ 'ಹುಳ ತಿಂದಿದೆ' ಅನ್ನುತ್ತೇವೆ. ಅಲ್ಲಿ ಹುಳವೇ ಇಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಹಾಗಾಗಿ ಮಗುವಿನ ತಲೆಯಲ್ಲಿ ಎರೆಹುಳ ಮತ್ತು ಮಿಂಚುಹುಳ ಅಣ್ಣತಮ್ಮಂದಿರು. ಅದು ಮಗುವಿನ ದಡ್ಡತನ ಅಲ್ಲ, ಭಾಷೆ ಹಾಗೆ ಹೇಳಿಕೊಟ್ಟಿದೆ. 'ಹುಳ' ತಪ್ಪು, 'ಕೀಟ' ಸರಿ ಅಂತ ತಿದ್ದಲು ಹೋಗಬೇಡಿ. ಹುಳ ದೊಡ್ಡ ಬುಟ್ಟಿ. ಅದರೊಳಗೆ ಆರು ಕಾಲಿನವಕ್ಕೆ ಒಂದು ಚಿಕ್ಕ ಬುಟ್ಟಿ ಇದೆ, ಅದರ ಹೆಸರು ಕೀಟ. ಒಂದು, ಎರಡನೇ ತರಗತಿಗೆ ಇಷ್ಟು ಸಾಕು. ಮೈ ಮೂರು ಭಾಗ, ತಲೆ ಮೇಲೆ ಎರಡು ಮೀಸೆ, ಹೆಚ್ಚಿನವಕ್ಕೆ ರೆಕ್ಕೆ ಅನ್ನುವುದನ್ನು ಮೂರನೇ ತರಗತಿಯವರಿಗೆ ಸೇರಿಸಿ.

ಈಗ ಆ ಚಾರ್ಟಿನ ಆಟ. 'ಇದರಲ್ಲಿ ಕಳ್ಳ ಯಾರು? ಕಾಲು ಎಣಿಸಿ ಹಿಡಿಯಿರಿ' ಅನ್ನಿ. ಜೇಡಕ್ಕೆ ಎಂಟು ಕಾಲು, ಮೈ ಎರಡೇ ಭಾಗ, ಮೀಸೆ ಇಲ್ಲ, ರೆಕ್ಕೆ ಇಲ್ಲ. ಚೇಳೂ ಅದರ ಬಳಗವೇ. ಮೊದಲ ಮಳೆಗೆ ಹೊಲದಲ್ಲಿ ಕಾಣುವ ಕೆಂಪು ಮಖಮಲ್ಲಿನ ಹುಳ ಇದೆಯಲ್ಲ, ಅದಕ್ಕೂ ಎಂಟು ಕಾಲು. ಜರಿಗೆ ಎಣಿಸಲಾರದಷ್ಟು. ಎಣಿಕೆ ಹೇಗೂ ಆ ವಯಸ್ಸಿನ ಕಲಿಕೆಯೇ, ಗಣಿತದ ಪಾಠವೂ ಆಗುತ್ತದೆ.

ಎಣಿಸುವಾಗ ಎರಡು ಕಡೆ ಸಿಕ್ಕಿಬೀಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಚಿಟ್ಟೆಯ ಮರಿಹುಳಕ್ಕೆ ಹದಿನಾರು ಕಾಲು ಅಂತ ಒಬ್ಬ ಎಣಿಸುತ್ತಾನೆ. ತಲೆಯ ಹಿಂದೆ ಇರುವ ಚೂಪಾದ ಮೂರು ಜೊತೆ ಮಾತ್ರ ನಿಜವಾದ ಕಾಲು. ಹಿಂದಿನ ದಪ್ಪ ಮಾಂಸದ ಗುಬುಟುಗಳು ಎಲೆ ಹಿಡಿದುಕೊಳ್ಳಲು ಇರುವ ಊರುಗೋಲುಗಳು. ಚಿಟ್ಟೆ ಆದಾಗ ಅವು ಇರುವುದಿಲ್ಲ. ಇನ್ನೊಂದು ನನಗೇ ಆದ ಮುಖಭಂಗ. ಎಕ್ಕದ ಗಿಡದ ಹತ್ತಿರ ಕೂತ ಕಿತ್ತಳೆ ಬಣ್ಣದ ಚಿಟ್ಟೆಗೆ 'ನಾಲ್ಕೇ ಕಾಲು ಸಾರ್' ಅಂದಳು ಮೂರನೇ ತರಗತಿಯ ಹುಡುಗಿ. 'ಸರಿಯಾಗಿ ಎಣಿಸಮ್ಮ' ಅಂದೆ. ಮೂರು ಸಲ ಎಣಿಸಿದಳು, ನಾಲ್ಕೇ. ಆಮೇಲೆ ಹೊಳೆಯಿತು. ಆ ಗುಂಪಿನ ಚಿಟ್ಟೆಗಳ ಮುಂದಿನ ಜೊತೆ ಕಾಲು ಪುಟ್ಟದಾಗಿ ಎದೆಗೆ ಅಂಟಿಕೊಂಡಿರುತ್ತದೆ, ನಡೆಯಲು ಬಳಸುವುದೇ ಇಲ್ಲ. ಪುಸ್ತಕದಲ್ಲಿ ಆರು ಅಂತ ಇದೆ ಎಂದು ನಾನು ಗದರಿದ್ದರೆ ಆ ಮಗು ತನ್ನ ಕಣ್ಣನ್ನೇ ನಂಬುವುದನ್ನು ಬಿಡುತ್ತಿತ್ತು. ನಿಮ್ಮ ಮಕ್ಕಳು ಬೇರೆ ಲೆಕ್ಕ ಹೇಳಿದರೆ 'ಹೌದಾ, ತೋರಿಸು' ಅನ್ನಿ, ಅಷ್ಟೇ.

ಇನ್ನು ನಿಮ್ಮ ಬಾಟಲಿಯ ಹುಳ. ಅದು ನಿಮ್ಮ ಕೈಗುಣದಿಂದ ಸತ್ತಿದ್ದಲ್ಲ. ಶಾಲೆಗಳಲ್ಲಿ ಹತ್ತರಲ್ಲಿ ಎಂಟು ಸಲ ಹೀಗೇ ಆಗುವುದನ್ನು ನೋಡಿದ್ದೇನೆ. ಮುಚ್ಚಳಕ್ಕೆ ತೂತು ಮಾಡಿದ್ದೀರೋ ಇಲ್ಲವೋ ಅನ್ನುವುದು ಸಣ್ಣ ವಿಷಯ. ನಿಜವಾದ ಶತ್ರು ಒದ್ದೆ. ಬಾಟಲಿಯಲ್ಲಿ ಎಲೆ ಬೆವರುತ್ತದೆ, ಹಿಕ್ಕೆ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ, ಹುಳಕ್ಕೆ ರೋಗ ಬರುತ್ತದೆ. ಎರಡನೇ ಕಾರಣ ಎಲೆ. ಅಂಗಡಿಯಿಂದ ತಂದ ಕರಿಬೇವು ಹಾಕಿದ್ದರೆ ಅದಕ್ಕೆ ಔಷಧಿ ಹೊಡೆದಿರುವ ಸಾಧ್ಯತೆ ಜಾಸ್ತಿ. ಮೂರನೆಯದು ಯಾರೂ ಯೋಚಿಸದ್ದು: ಕೋಣೆಯಲ್ಲಿ ಸೊಳ್ಳೆಬತ್ತಿ. ಸೊಳ್ಳೆಗೆ ವಿಷವಾದದ್ದು ಈ ಹುಳಕ್ಕೂ ವಿಷವೇ.

ಅಂದಹಾಗೆ, ಕರಿಬೇವಿನ ಮೇಲೆ ಇದ್ದದ್ದು ಕಂಬಳಿಹುಳ ಆಗಿರಲಾರದು. ಮೈ ತುಂಬ ಕೂದಲಿದ್ದರೆ ಅದು ಕಂಬಳಿಹುಳ. ಕರಿಬೇವು, ನಿಂಬೆ ಗಿಡದ ಚಿಟ್ಟೆಮರಿಯ ಮೈ ನುಣುಪು. ಚಿಕ್ಕದಿದ್ದಾಗ ಹಕ್ಕಿಯ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ, ದೊಡ್ಡದಾದಾಗ ಹಸಿರಾಗುತ್ತದೆ. ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕೊಂಬಿನಂಥದ್ದು ಹೊರಗೆ ಬಂದು ಗಬ್ಬು ವಾಸನೆ ಬರುತ್ತದೆ. ಅದು ಕಚ್ಚುವುದಿಲ್ಲ, ತುರಿಸುವುದೂ ಇಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಿರಬೇಕು, ಯಾಕೆಂದರೆ ನಿಜವಾದ ಕಂಬಳಿಹುಳದ ಕೂದಲು ಚರ್ಮಕ್ಕೆ ಚುಚ್ಚಿಕೊಂಡು ದದ್ದು, ಉರಿ ತರುತ್ತದೆ. ಹಾಗೇನಾದರೂ ಆದರೆ ಉಜ್ಜಬಾರದು. ಸೆಲೋಟೇಪ್ ಅಂಟಿಸಿ ಎಳೆದರೆ ಕೂದಲು ಬರುತ್ತವೆ. ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಹೋಗಿದ್ದರೆ ಮಾತ್ರ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು.

ಹಾಗಾದರೆ ಸಾಕುವುದಾದರೆ ಹೇಗೆ? ನನ್ನ ಮೊದಲ ಆಯ್ಕೆ, ಹುಳವನ್ನು ತರಲೇಬೇಡಿ. ಗಿಡದ ಮೇಲೆಯೇ ಬಿಡಿ. ಹಳೆಯ ಸೊಳ್ಳೆಪರದೆಯ ತುಂಡನ್ನು ಚೀಲದಂತೆ ಹೊಲಿದು ಆ ಕೊಂಬೆಗೆ ಹಾಕಿ, ಬುಡದಲ್ಲಿ ದಾರ ಕಟ್ಟಿ. ಹಕ್ಕಿ ತಿನ್ನುವುದಿಲ್ಲ, ಎಲೆ ತಾಜಾ ಇರುತ್ತದೆ, ಗಾಳಿ ಆಡುತ್ತದೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಮಕ್ಕಳು ಹೋಗಿ ನೋಡಿ ಬಂದು ಉಳಿದವರಿಗೆ ಹೇಳಲಿ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ಇದರಲ್ಲಿ ತೊಂದರೆ ಅಂದರೆ ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಕಾಯುವವರಿಲ್ಲ, ಊರಿನ ಹುಡುಗರು ಬಿಚ್ಚಿ ನೋಡುತ್ತಾರೆ, ಚಿಟ್ಟೆ ರಜೆಯ ದಿನವೇ ಹೊರಗೆ ಬರಬಹುದು.

ತರಗತಿಯೊಳಗೇ ಬೇಕು ಅಂದರೆ ಬಾಟಲಿ ಬಿಟ್ಟು ರಟ್ಟಿನ ಡಬ್ಬ ತೆಗೆದುಕೊಳ್ಳಿ. ಒಂದು ಬದಿ ಕತ್ತರಿಸಿ ಪರದೆ ಅಂಟಿಸಿ. ತಳಕ್ಕೆ ಹಳೆ ಪೇಪರ್ ಹಾಕಿ ದಿನಾ ಬದಲಿಸಿ. ಕೊಂಬೆಯನ್ನು ನೀರಿನ ಚಿಕ್ಕ ಶೀಷೆಯಲ್ಲಿ ನಿಲ್ಲಿಸಿ, ಶೀಷೆಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳ ಇಳಿದು ಮುಳುಗುತ್ತದೆ. ಎಲೆ ಯಾವಾಗಲೂ ಅದೇ ಗಿಡದ್ದೇ ಆಗಬೇಕು. ಕರಿಬೇವಿನ ಹುಳಕ್ಕೆ ನುಗ್ಗೆಸೊಪ್ಪು ಹಾಕಿದರೆ ಉಪವಾಸ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಹುಳವನ್ನು ಕೈಯಲ್ಲಿ ಎತ್ತಬೇಡಿ, ಎಲೆ ಸಮೇತ ಸರಿಸಿ. ಗೂಡು ಕಟ್ಟುವ ಮೊದಲು ಅದು ತಿನ್ನುವುದು ಬಿಟ್ಟು ಸುಮ್ನೆ ಓಡಾಡುತ್ತದೆ. ಎಷ್ಟೋ ಜನ ಆಗ ಹುಳಕ್ಕೆ ಏನೋ ಆಯಿತು ಅಂತ ಎತ್ತಿ ಎತ್ತಿ ನೋಡುತ್ತಾರೆ. ಬಿಟ್ಟುಬಿಡಿ. ಹೊರಬಂದ ಚಿಟ್ಟೆಗೆ ನೇತುಬೀಳಲು ಒಂದು ಒರಟು ಕಡ್ಡಿ ಬೇಕು. ಮುದುಡಿದ ರೆಕ್ಕೆಗೆ ಮೈಯ ರಸ ತುಂಬಿ ಬಿಚ್ಚಿಕೊಳ್ಳುವುದು ಆಗಲೇ. ಜಾಗ ಇಲ್ಲದಿದ್ದರೆ, ಅಥವಾ ಪಾಪ ಅಂತ ಯಾರಾದರೂ ಗೂಡು ಬಿಡಿಸಿ ಸಹಾಯ ಮಾಡಿದರೆ, ರೆಕ್ಕೆ ಮುದುಡಿಯೇ ಒಣಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಚಿಟ್ಟೆಯ ಬದಲು ಪುಟ್ಟ ಕಣಜಗಳೋ ನೊಣಗಳೋ ಹೊರಗೆ ಬರಬಹುದು. ಹೊರಗಿಂದ ತಂದ ಹುಳದಲ್ಲಿ ಇದು ಮಾಮೂಲು. ನೀವು ತರುವ ಮೊದಲೇ ಒಂದು ಸಣ್ಣ ಕಣಜ ಅದರ ಮೈಯೊಳಗೆ ಮೊಟ್ಟೆ ಇಟ್ಟಿರುತ್ತದೆ, ಮರಿಗಳು ಒಳಗಿನಿಂದ ತಿಂದು ಬೆಳೆಯುತ್ತವೆ. ಆಗ ಮುಚ್ಚಿಡಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಕ್ಕಳು ನಾವಂದುಕೊಂಡಷ್ಟು ಕುಸಿಯುವುದಿಲ್ಲ. ನಿಮ್ಮ ತರಗತಿಯ ಕಿಟಕಿಯ ಮೂಲೆಯಲ್ಲಿ ಮಣ್ಣಿನ ಪುಟ್ಟ ಗಡಿಗೆ ಅಂಟಿಸುವ ಕುಂಬಾರ ಹುಳದ ಕಥೆಯೂ ಇದೇ. ಅದು ಎಲೆ ಹುಳವನ್ನು ತಂದು ಗೂಡಿನಲ್ಲಿಟ್ಟು, ಸುತ್ತ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ತನ್ನ ಹಾಗೇ ಮಾಡಿಕೊಳ್ಳುತ್ತದೆ ಅಂತ ಅಜ್ಜಿಯರು ಹೇಳುತ್ತಾರೆ. ವೇದಾಂತದವರು ಭ್ರಮರ-ಕೀಟ ನ್ಯಾಯ ಅನ್ನುತ್ತಾರೆ. ಉಪಮೆ ಚೆನ್ನಾಗಿದೆ. ಆದರೆ ನಡೆಯುವುದು ಬೇರೆ. ಕಣಜ ಆ ಹುಳವನ್ನು ಚುಚ್ಚಿ ಜೋಮು ಹಿಡಿಸಿ ತನ್ನ ಮರಿಗೆ ಬುತ್ತಿಯಾಗಿ ಇಟ್ಟಿರುತ್ತದೆ. ಒಳಗೆ ತಾನಿಟ್ಟ ಮೊಟ್ಟೆ ಒಡೆದು, ಮರಿ ಬುತ್ತಿ ಉಂಡು, ಕಣಜವಾಗಿ ಹೊರಬರುತ್ತದೆ. ಅಜ್ಜಿ ನೋಡಿದ್ದು ನಿಜ, ನಡುವೆ ಗಡಿಗೆಯೊಳಗೆ ಏನಾಯಿತು ಅನ್ನುವುದು ಕಂಡಿರಲಿಲ್ಲ, ಅಷ್ಟೇ.

ನಿಮ್ಮ ಭಾಗದಲ್ಲಿ ರೇಷ್ಮೆ ಮನೆ ಇದ್ದರೆ ಅದಕ್ಕಿಂತ ಸುಲಭದ್ದು ಇಲ್ಲ. ಹತ್ತು ಹುಳ ಕೇಳಿ ತನ್ನಿ. ಓಡಿಹೋಗುವುದಿಲ್ಲ, ಕಚ್ಚುವುದಿಲ್ಲ. ನಾಲ್ಕು ಸಲ ಪೊರೆ ಬಿಡುತ್ತದೆ, 25 ದಿನದ ಆಸುಪಾಸಿನಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ಮನೆಯ ಮಗುವನ್ನೇ ಮೇಷ್ಟ್ರು ಮಾಡಿ. ಪೊರೆ ಬಿಡಲು ಹುಳ ತಿನ್ನದೆ ತಲೆ ಎತ್ತಿ ಕೂರುವುದಕ್ಕೆ 'ಜ್ವರ' ಅನ್ನುತ್ತಾರೆ ಅಂತ ಪುಸ್ತಕ ಹೇಳುವುದಿಲ್ಲ, ಅವನು ಹೇಳುತ್ತಾನೆ. ಓದಿನಲ್ಲಿ ಹಿಂದೆ ಕೂರುವ ಹುಡುಗ ಆ ದಿನ ಹೇಗೆ ಎದೆ ಸೆಟೆಸಿ ಮಾತಾಡುತ್ತಾನೆ ನೋಡಿ. ಕಷ್ಟದ ಪ್ರಶ್ನೆ ಒಂದು ಬರುತ್ತದೆ: 'ಗೂಡಲ್ಲಿರೋ ಹುಳ ಏನಾಗುತ್ತೆ?' ಸೀರೆಯ ನೂಲಿಗಾಗಿ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಒಳಗಿನದು ಸಾಯುತ್ತದೆ. ಸುಳ್ಳು ಹೇಳಬೇಡಿ. ಆದರೆ ಆ ಮಗುವಿನ ಅಪ್ಪ ಅಮ್ಮ ಕೊಲೆಗಾರರು ಅನ್ನುವ ಹಾಗೆ ಮಾತು ಹೊರಳದಂತೆ ನೋಡಿಕೊಳ್ಳಿ. ಶಾಲೆಯ ನಾಲ್ಕು ಗೂಡನ್ನು ಹಾಗೇ ಬಿಟ್ಟರೆ ಪತಂಗ ಹೊರಬರುವುದನ್ನೂ ನೋಡಬಹುದು.

ಸಾಕುವ ರಗಳೆಯೇ ಬೇಡ ಅಂದರೆ? ಅದೂ ಸರಿಯೇ. ನಿಮ್ಮ ಶಾಲೆಯ ಜಗಲಿಯ ಅಂಚಿನಲ್ಲಿ, ಮಳೆ ಬೀಳದ ಪುಡಿಮಣ್ಣಿನಲ್ಲಿ, ಲಾಳಿಕೆಯ ಆಕಾರದ ಪುಟ್ಟ ಗುಳಿಗಳು ಇದ್ದೇ ಇರುತ್ತವೆ. ಅದನ್ನು ತೋಡಿದ ಹುಳಕ್ಕೆ ಊರೂರಿಗೆ ಒಂದು ಹೆಸರು, ನಿಮ್ಮ ಮಕ್ಕಳನ್ನೇ ಕೇಳಿ. ಗುಳಿಯ ತಳದಲ್ಲಿ ಅಡಗಿ ಕೂತಿರುತ್ತದೆ. ಇರುವೆ ಜಾರಿತೋ, ಕೆಳಗಿನಿಂದ ಮಣ್ಣು ಎರಚಿ ಬೀಳಿಸಿಕೊಂಡು ಹಿಡಿಯುತ್ತದೆ. ಎತ್ತಿ ಮಣ್ಣಿನ ಮೇಲೆ ಬಿಟ್ಟರೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ. ಮಕ್ಕಳು ಬಿದ್ದೂ ಬಿದ್ದೂ ನಗುತ್ತಾರೆ. ಮುಂದೆ ಇದೇ ಹುಳ ಏರೋಪ್ಲೇನ್ ಚಿಟ್ಟೆಯಂಥ ರೆಕ್ಕೆ ಬಂದು ಹಾರುತ್ತದೆ ಅಂದರೆ ನಂಬುವುದೇ ಇಲ್ಲ. ಇನ್ನೊಂದು, ಇರುವೆ ಸಾಲು. ಒಂದು ಚಿಟಿಕೆ ಸಕ್ಕರೆ ಇಟ್ಟು ಕಾಯಿರಿ. ಸಾಲು ಕಟ್ಟಿದ ಮೇಲೆ ನಡುವೆ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ. ಇರುವೆಗಳು ಅಲ್ಲಿಗೆ ಬಂದು ದಿಕ್ಕೆಡುತ್ತವೆ. ದಾರಿಯನ್ನು ಅವು ಕಣ್ಣಿಗಿಂತ ವಾಸನೆಯಿಂದ ಹಿಡಿದಿದ್ದವು ಅಂತ ಆಗ ಹೇಳಿ. ಮೊದಲೇ ಹೇಳಿದರೆ ಮಜಾ ಹೋಗುತ್ತದೆ.

ಎಕ್ಕದ ಗಿಡವೂ ಒಳ್ಳೆಯ ಜಾಗ. ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಹುಳ ವರ್ಷದ ಹೆಚ್ಚಿನ ಕಾಲ ಸಿಗುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಎಲೆ ಕೀಳುವ ಹಾಗಿಲ್ಲ. ಹುತ್ತದ ಹತ್ತಿರ, ಕಲ್ಲು ಎಬ್ಬಿಸುವ ಕೆಲಸಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ. ಗೆದ್ದಲು ಕಟ್ಟಿದ ಮನೆಯಲ್ಲಿ ಹಾವು ಇರುತ್ತದೆ ಅನ್ನುವುದು ಬರೀ ಗಾದೆಯಲ್ಲ. ಸತ್ತ ಕೀಟಕ್ಕೆ ಗುಂಡುಸೂಜಿ ಚುಚ್ಚಿ ಡಬ್ಬ ಮಾಡುವುದು ಈ ವಯಸ್ಸಿಗೆ ಬೇಡವೇ ಬೇಡ. ಕೆಲವು ಚಿಟ್ಟೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲೂ ಇವೆ. ಕಿಟಕಿಯ ಅಂಚಿನಲ್ಲಿ ತಾನಾಗಿ ಸತ್ತು ಬಿದ್ದ ನೊಣ, ಪತಂಗ ಇದ್ದರೆ ಭೂತಗನ್ನಡಿ ಹಿಡಿದು ತೋರಿಸಿ, ಸಾಕು.

ಈಗ ಕಣಜದ ಮಾತು. ಹುಡುಗನ ಮನೆಯವರ ಸಿಟ್ಟು ನ್ಯಾಯವೇ. ಅವರ ಜೊತೆ ವಾದ ಬೇಡ, 'ಇನ್ನು ಮುಂದೆ ಯಾರೂ ಹಿಡಿಯುವುದಿಲ್ಲ, ನೋಡುತ್ತೇವೆ ಅಷ್ಟೇ' ಅಂತ ಹೇಳಿ, ಹಾಗೇ ನಡೆದುಕೊಳ್ಳಿ. ಕಚ್ಚಿದ ಜಾಗ ಒಂದೆರಡು ದಿನ ಊದುವುದು ಸಹಜ. ಜೇನು ಕಚ್ಚಿದರೆ ಮುಳ್ಳು ಅಲ್ಲೇ ಉಳಿಯುತ್ತದೆ, ಉಗುರಿನಿಂದಲೋ ಹೇಗೋ ಬೇಗ ತೆಗೆಯುವುದು ಮುಖ್ಯ. ಕಣಜ ಮುಳ್ಳು ಬಿಡುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಚುಚ್ಚಬಲ್ಲದು. ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಸುಣ್ಣ ಹಚ್ಚಬೇಡಿ, ಎಳೆಯ ಚರ್ಮ ಸುಡುತ್ತದೆ. ಆಮೇಲೆ ಮಗುವನ್ನು ಕಣ್ಣೆದುರೇ ಕೂರಿಸಿಕೊಳ್ಳಿ. ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ವಾಂತಿ ಅಥವಾ ತಲೆಸುತ್ತು ಬಂದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಬಹಳ ಕಡೆ ಕಚ್ಚಿದ್ದರೂ ಅಷ್ಟೇ. ಮೊದಲು ಕಚ್ಚಿದಾಗ ಯಾವ ಮಗುವಿಗಾದರೂ ಹೀಗೆ ಆಗಿತ್ತಾ ಅಂತ ಪೋಷಕರ ಸಭೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮುಜಂಟಿ ಜೇನಿಗೆ ಮುಳ್ಳೇ ಇಲ್ಲ, ಗೋಡೆಯ ಬಿರುಕಿನಲ್ಲಿದ್ದರೆ ಅದರ ಬಾಗಿಲು ನೋಡಲು ಚೆಂದ. ಹೆಜ್ಜೇನು ಕಟ್ಟಿದ ಮರದ ಕೆಳಗೆ ಮಾತ್ರ ಪಾಠವೂ ಬೇಡ, ಆಟವೂ ಬೇಡ.

ಚಿಟ್ಟೆಯ ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತಾರೆ ಅನ್ನುವುದು ಸುಳ್ಳು. ಅದು ಮೀನಿನ ಹುರುಪೆಯಂಥ ಸಣ್ಣ ಸಣ್ಣ ಹುರುಪೆ. ಆದರೂ ಪುಡಿ ಉದುರಿದರೆ ಚಿಟ್ಟೆಯ ಬಣ್ಣವೇ ಹೋಯಿತು, ಅದನ್ನೇ ಕಾರಣ ಹೇಳಿ ಮುಟ್ಟಬೇಡಿ ಅನ್ನಬಹುದು. ಎಲ್ಲ ಕೀಟವೂ ಒಳ್ಳೆಯದು ಅಂತಲೂ ಹೇಳಬೇಡಿ, ಡೆಂಗಿ ಬಂದು ಮಲಗಿದ ಮನೆಯ ಮಗು ನಂಬುವುದಿಲ್ಲ. ಸೊಳ್ಳೆ ಹೊಡೆಯುತ್ತೇವೆ, ಹೇನು ಕುಕ್ಕುತ್ತೇವೆ, ಇರುವೆ ಸಾಲನ್ನು ದಾಟಿ ಹೋಗುತ್ತೇವೆ. ಹೀಗೆ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಹೇನಿನ ವಿಷಯ ಬಂದಾಗ ಒಂದು ಎಚ್ಚರ. ಹೇನಿಗೂ ಆರು ಕಾಲು, ರೆಕ್ಕೆ ಇಲ್ಲ, ತಲೆಗೆ ತಲೆ ತಾಗಿದರೆ ಹರಡುತ್ತದೆ ಅಂತ ಹೇಳಿ. ಆದರೆ ಯಾವ ಮಗುವಿನ ತಲೆಯನ್ನೂ ಉದಾಹರಣೆಗೆ ತೋರಿಸಬೇಡಿ. ಒಂದು ಕಡೆ ಹಾಗೆ ಮಾಡಿ, ಆ ಹುಡುಗಿ ವಾರಗಟ್ಟಲೆ ಶಾಲೆಗೆ ಬರದೇ ಇದ್ದದ್ದನ್ನು ನೋಡಿದ್ದೇನೆ.

ರೆಕ್ಕೆ ಕೀಳುವ ಮಕ್ಕಳು ಕ್ರೂರಿಗಳಲ್ಲ. ಒಳಗೆ ಏನಿದೆ, ಹೇಗೆ ಹಾರುತ್ತದೆ ಅಂತ ನೋಡುವ ಆಸೆ, ನೋಡಲು ಬೇರೆ ದಾರಿ ಯಾರೂ ತೋರಿಸಿಲ್ಲ. ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಜಾಲಿ ಸೊಪ್ಪು ಹಾಕಿ ಸಾಕಿದವರು ನಮ್ಮಲ್ಲೂ ಎಷ್ಟು ಜನ ಇಲ್ಲ? ಬೈದರೆ ಅವರು ನಿಮಗೆ ಕಾಣದ ಹಾಗೆ ಕೀಳುತ್ತಾರೆ. ಅಂಥವರಿಗೇ ಭೂತಗನ್ನಡಿ ಕೊಡಿ, ಗುಳಿಯ ಲೆಕ್ಕ ಇಡುವ ಕೆಲಸ ಕೊಡಿ. ಕಿರುಚುವವರನ್ನು ಹತ್ತಿರಕ್ಕೆ ಎಳೆಯಬೇಡಿ. ಕಣಜ ಕಚ್ಚಿಸಿಕೊಂಡವನು ಹತ್ತು ಅಡಿ ದೂರದಲ್ಲಿ ನಿಂತು ಚಿತ್ರ ಬರೆಯಲಿ. ಅತ್ತ ಹುಡುಗಿಗೆ ಮಾತ್ರ ಹುಳ ಯಾಕೆ ಸತ್ತಿತು ಅನ್ನುವುದನ್ನು ಈಗಲಾದರೂ ಹೇಳಿ. ಎರಡು ದಿನ ಅತ್ತವಳಿಗೆ ಅದು ತನ್ನಿಂದಲೇ ಅಂತ ಅನಿಸಿರಬಹುದು.

ಶಾಲೆಯಲ್ಲಿ ಕರಿಬೇವಿನ ಗಿಡ ಇಲ್ಲದಿದ್ದರೆ ಈ ಮಳೆಗಾಲದಲ್ಲೇ ಒಂದು ನೆಡಿ. ಗಿಡ ಚಿಗುರಿದರೆ ಚಿಟ್ಟೆಯನ್ನು ನೀವು ಕರೆಯಬೇಕಿಲ್ಲ, ತಾನೇ ಹುಡುಕಿಕೊಂಡು ಬರುತ್ತದೆ. ಬಿಸಿಯೂಟದ ಅಡುಗೆಯಮ್ಮನ ಜೊತೆ ಮಾತ್ರ ಮೊದಲೇ ಒಪ್ಪಂದ ಮಾಡಿಕೊಳ್ಳಿ: ಯಾವ ಕೊಂಬೆ ಸಾರಿಗೆ, ಯಾವುದು ಹುಳಕ್ಕೆ ಅಂತ.